ಸುಕುಮಾರ್ ರಾಯ್

ಸುಕುಮಾರ್ ರಾಯ್ (30 ಅಕ್ಟೋಬರ್ 1887 – 10 ಸೆಪ್ಟೆಂಬರ್ 1923) ಬಂಗಾಳಿ ಭಾಷೆಯ ಪ್ರಸಿದ್ಧ ಕವಿ, ಕಥೆಗಾರ, ನಾಟಕಕಾರ, ಚಿತ್ರಕಾರ, ಸಂಪಾದಕ ಹಾಗೂ ಮುದ್ರಣ ತಂತ್ರಜ್ಞ. ಮಕ್ಕಳ ಸಾಹಿತಿ ಉಪೇಂದ್ರಕಿಶೋರ್ ರಾಯ್‌ಚೌಧುರಿ ಅವರ ಹಿರಿಯ ಮಗ. ಚಲನಚಿತ್ರ ನಿರ್ದೇಶಕ ಸತ್ಯಜಿತ್ ರಾಯ್ ಅವರ ತಂದೆ. 'ಆಬೋಲ್ ತಾಬೋಲ್' ಎಂಬ ಪದ್ಯಸಂಕಲನ ಮತ್ತು 'ಹ-ಜ-ಬ-ರ-ಲ' ಎಂಬ ಕಥೆ ಇವರ ಹೆಸರಾಂತ ಕೃತಿಗಳು. ಭಾರತೀಯ ಭಾಷೆಗಳಲ್ಲಿ ಅಸಂಬದ್ಧ ಹಾಸ್ಯಸಾಹಿತ್ಯಕ್ಕೆ ಗೌರವದ ಸ್ಥಾನವನ್ನು ತಂದುಕೊಟ್ಟವರಲ್ಲಿ ಇವರು ಪ್ರಮುಖರು.

ಸುಕುಮಾರರು ಬರೆದದ್ದಕ್ಕೆ ತಾವೇ ಚಿತ್ರ ಬಿಡಿಸುತ್ತಿದ್ದರು, ಮುಖಪುಟವನ್ನೂ ಪುಟವಿನ್ಯಾಸವನ್ನೂ ತಾವೇ ರೂಪಿಸುತ್ತಿದ್ದರು. ಆ ಚಿತ್ರಗಳ ಅಚ್ಚುಪಡಿಗಳು ಅವರ ಮನೆಯಲ್ಲಿಯೇ ಇದ್ದ ಮುದ್ರಣಾಲಯದಲ್ಲಿ ತಯಾರಾಗಿ ಅಲ್ಲಿಯೇ ಅಚ್ಚಾಗುತ್ತಿದ್ದವು. ಲೇಖಕ, ಚಿತ್ರಕಾರ ಮತ್ತು ಮುದ್ರಕನ ಕೆಲಸಗಳು ಒಬ್ಬನೇ ವ್ಯಕ್ತಿಯಲ್ಲಿ ಇಷ್ಟು ಪೂರ್ಣವಾಗಿ ಕೂಡಿಬಂದ ನಿದರ್ಶನಗಳು ಭಾರತೀಯ ಪುಸ್ತಕೋದ್ಯಮದಲ್ಲಿ ವಿರಳ.

ಮನೆತನ ಮತ್ತು ಬಾಲ್ಯ

ಸುಕುಮಾರರು ಕಲ್ಕತ್ತೆಯ ಬ್ರಾಹ್ಮ ಸಮಾಜಕ್ಕೆ ಸೇರಿದ ಕುಟುಂಬದಲ್ಲಿ ಜನಿಸಿದರು. ಮನೆತನದ ಮೂಲ ಊರು ಈಗಿನ ಬಾಂಗ್ಲಾದೇಶದ ಮೈಮನ್‌ಸಿಂಗ್ ಪ್ರದೇಶದ ಮಸೂಯಾ ಗ್ರಾಮ. ತಾಯಿ ವಿಧುಮುಖಿ ದೇವಿ ಸಮಾಜ ಸುಧಾರಕ ದ್ವಾರಕಾನಾಥ ಗಂಗೂಲಿಯವರ ಮಗಳು. ದ್ವಾರಕಾನಾಥರ ಎರಡನೆಯ ಪತ್ನಿ ಕಾದಂಬಿನಿ ಗಂಗೂಲಿ ಭಾರತದ ಮೊದಲ ಮಹಿಳಾ ವೈದ್ಯರಲ್ಲಿ ಒಬ್ಬರು.

ಸುಕುಮಾರರಿಗೆ ಮನೆಯಲ್ಲಿ 'ತಾತಾ' ಎಂಬ ಮುದ್ದಿನ ಹೆಸರಿತ್ತು. ಅಕ್ಕ ಸುಖಲತಾಳನ್ನು 'ಹಾಸಿ' ಎಂದು ಕರೆಯುತ್ತಿದ್ದರು. ಎರಡೂ ಹೆಸರುಗಳು ರವೀಂದ್ರನಾಥ ಠಾಕೂರರ 'ರಾಜರ್ಷಿ' ಕಾದಂಬರಿಯ ಮಕ್ಕಳ ಪಾತ್ರಗಳಿಂದ ಬಂದವು. ಸುಖಲತಾ ರಾವ್, ಪುಣ್ಯಲತಾ ಚಕ್ರವರ್ತಿ, ಶಾಂತಿಲತಾ, ಸುಬಿನಯ್ ಮತ್ತು ಸುಬಿಮಲ್ ಇವರ ಒಡಹುಟ್ಟಿದವರು. ಸುಖಲತಾ ಮತ್ತು ಪುಣ್ಯಲತಾ ಮುಂದೆ ಮಕ್ಕಳ ಸಾಹಿತ್ಯದಲ್ಲಿ ಹೆಸರು ಮಾಡಿದರು. ಪುಣ್ಯಲತಾ ಅವರ ಬಾಲ್ಯಸ್ಮರಣೆಯ ಪುಸ್ತಕ 'ಛೇಲೇಬೇಲಾರ್ ದಿನ್‌ಗುಲಿ' ಈ ಮನೆಯ ದಿನಚರಿಯನ್ನು ತಿಳಿಯಲು ಮುಖ್ಯ ಆಧಾರವಾಗಿದೆ.

ಹಾಡು, ಪಿಟೀಲು, ಚಿತ್ರಕಲೆ, ಕಥೆ ಹೇಳುವುದು ಈ ಮನೆಯ ನಿತ್ಯದ ಬದುಕಿನ ಭಾಗಗಳಾಗಿದ್ದವು. ಸುಕುಮಾರರು ಎಂಟನೆಯ ವಯಸ್ಸಿನಲ್ಲಿಯೇ ಬರೆದ 'ನದಿ' ಎಂಬ ಪದ್ಯವು 1896ರಲ್ಲಿ 'ಮುಕುಲ್' ಎಂಬ ಮಕ್ಕಳ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದು ಇವರ ಮೊದಲ ಪ್ರಕಟಿತ ಬರಹ.

ತಂದೆಯ ಮುದ್ರಣಾಲಯ

ಸುಕುಮಾರರ ಕೆಲಸವನ್ನು ಅರ್ಥಮಾಡಿಕೊಳ್ಳಲು ಉಪೇಂದ್ರಕಿಶೋರರ ಮುದ್ರಣ ಸಾಹಸವನ್ನು ತಿಳಿಯುವುದು ಅಗತ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬಂಗಾಳಿ ಪುಸ್ತಕಗಳ ಚಿತ್ರಗಳನ್ನು ಹೆಚ್ಚಾಗಿ ಮರದ ಪಡಿಯಚ್ಚುಗಳಿಂದ ಮುದ್ರಿಸಲಾಗುತ್ತಿತ್ತು. ಚಿತ್ರಕಾರ ಬಿಡಿಸಿದ್ದನ್ನು ಕೆತ್ತನೆಗಾರ ಮರದ ಮೇಲೆ ಕೊರೆಯಬೇಕಾಗಿತ್ತು. ಹೀಗಾಗಿ ಚಿತ್ರದ ಅಂದಚಂದವು ಕೆತ್ತನೆಗಾರನ ಕೌಶಲವನ್ನು ಅವಲಂಬಿಸಿತ್ತು. ಉಪೇಂದ್ರಕಿಶೋರರು ಮಕ್ಕಳಿಗಾಗಿ ಬರೆದ ರಾಮಾಯಣಕ್ಕೆ ತಾವೇ ಬಿಡಿಸಿದ್ದ ಚಿತ್ರಗಳು ಹೀಗೆ ಮರದಚ್ಚಿನಲ್ಲಿ ಕೆಟ್ಟುಹೋದವು.

ಇದರಿಂದ ಅಸಮಾಧಾನಗೊಂಡ ಅವರು ಇಂಗ್ಲೆಂಡಿನಿಂದ ಪುಸ್ತಕಗಳನ್ನೂ ಉಪಕರಣಗಳನ್ನೂ ತರಿಸಿಕೊಂಡು, ಛಾಯಾಚಿತ್ರದ ಮೂಲಕ ಅಚ್ಚುಪಡಿ ತಯಾರಿಸುವ ಹಾಫ್‌ಟೋನ್ ವಿಧಾನವನ್ನು ತಾವೇ ಕಲಿತರು. 1895ರಲ್ಲಿ ಕಲ್ಕತ್ತೆಯಲ್ಲಿ ಸ್ವಂತ ಸಂಸ್ಥೆಯನ್ನು ಆರಂಭಿಸಿದರು. ಇದೇ ಮುಂದೆ 'ಯು. ರಾಯ್ ಅಂಡ್ ಸನ್ಸ್' ಎಂದು ಪ್ರಸಿದ್ಧವಾಯಿತು. ಉಪೇಂದ್ರಕಿಶೋರರು ವಿದೇಶಕ್ಕೆ ಹೋಗದೆ ಕಲ್ಕತ್ತೆಯಲ್ಲಿಯೇ ಪ್ರಯೋಗಗಳನ್ನು ನಡೆಸಿ, ಹಾಫ್‌ಟೋನ್ ತೆರೆಯ ಕೋನ, ಮಸೂರದ ರಂಧ್ರದ ಆಕಾರ ಮುಂತಾದ ವಿಷಯಗಳ ಮೇಲೆ ಲೇಖನಗಳನ್ನು ಬರೆದರು. ಅವು ಬ್ರಿಟನ್ನಿನ ಪ್ರತಿಷ್ಠಿತ ಮುದ್ರಣ ವಾರ್ಷಿಕವಾದ 'ಪೆನ್‌ರೋಸ್'ನಲ್ಲಿ ಪ್ರಕಟವಾದವು.

ತನ್ನ ಚಿತ್ರ ಪರರ ಕೈಯಲ್ಲಿ ಕೆಡಬಾರದೆಂದು ಮುದ್ರಣವನ್ನೇ ಮನೆಗೆ ತಂದ ತಂದೆಯ ನೆರಳಿನಲ್ಲಿ ಸುಕುಮಾರರು ಬೆಳೆದರು. ಮಸಿ, ಕಾಗದ, ಕ್ಯಾಮೆರಾ, ಆಮ್ಲದ ತೊಟ್ಟಿ ಇವೆಲ್ಲ ಅವರಿಗೆ ಬಾಲ್ಯದಿಂದಲೇ ಪರಿಚಿತವಾಗಿದ್ದವು.

ಶಿಕ್ಷಣ

ಸುಕುಮಾರರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1906ರಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಎರಡರಲ್ಲಿಯೂ ಆನರ್ಸ್ ಪಡೆದು ಪದವೀಧರರಾದರು. ಚಿತ್ರಕಲೆಯನ್ನು ಅವರು ಯಾವ ಶಾಲೆಯಲ್ಲಿಯೂ ಕ್ರಮಬದ್ಧವಾಗಿ ಕಲಿಯಲಿಲ್ಲ. ಆದರೆ ಬೆಳಕಿನ ವರ್ತನೆಯನ್ನು ತಿಳಿಸುವ ಭೌತಶಾಸ್ತ್ರವೂ ಲೋಹದ ಮೇಲೆ ಆಮ್ಲದ ಕ್ರಿಯೆಯನ್ನು ತಿಳಿಸುವ ರಸಾಯನಶಾಸ್ತ್ರವೂ ಅಚ್ಚುಪಡಿ ತಯಾರಿಕೆಗೆ ತಳಹದಿಯಾದ ವಿದ್ಯೆಗಳು. ಛಾಯಾಗ್ರಹಣದಲ್ಲಿಯೂ ಅವರಿಗೆ ಎಳೆಯ ವಯಸ್ಸಿನಿಂದ ಆಸಕ್ತಿಯಿತ್ತು.

ನಾನ್‌ಸೆನ್ಸ್ ಕ್ಲಬ್ ಮತ್ತು ಕೈಬರಹದ ಪತ್ರಿಕೆ

ಕಾಲೇಜು ಮುಗಿದ ಸುಮಾರಿಗೆ ಸುಕುಮಾರರು ಬಂಧುಗಳನ್ನೂ ಗೆಳೆಯರನ್ನೂ ಸೇರಿಸಿಕೊಂಡು 'ನಾನ್‌ಸೆನ್ಸ್ ಕ್ಲಬ್' ಎಂಬ ಕೂಟವನ್ನು ಕಟ್ಟಿದರು. ಈ ಕೂಟಕ್ಕಾಗಿ ಅವರು 'ಝಾಲಾಪಾಲಾ' ಮತ್ತು 'ಲಕ್ಷ್ಮಣೇರ್ ಶಕ್ತಿಶೇಲ್' ಎಂಬ ನಗೆನಾಟಕಗಳನ್ನು ಬರೆದರು. ರಂಗಸಜ್ಜಿಕೆ, ವೇಷಭೂಷಣಗಳ ಆಡಂಬರವಿಲ್ಲದೆ ಇವು ಪ್ರದರ್ಶನಗೊಂಡವು. ಎರಡನೆಯ ನಾಟಕದಲ್ಲಿ ರಾಮಾಯಣದ ವೀರರು ಸಾಮಾನ್ಯ ಬಂಗಾಳಿ ಸಂಸಾರಸ್ಥರಂತೆ ಮಾತನಾಡಿ ನಗೆಯುಕ್ಕಿಸುತ್ತಾರೆ.

ಕ್ಲಬ್ಬಿನ ಮುಖವಾಣಿಯಾಗಿ ಒಂದು ಕೈಬರಹದ ಪತ್ರಿಕೆ ಹೊರಡುತ್ತಿತ್ತು. ಅದರ ಹೆಸರು 'ಸಾಢೇ ಬತ್ರಿಶ್ ಭಾಜಾ', ಅಂದರೆ ಮೂವತ್ತೆರಡೂವರೆ ಬಗೆಯ ಕುರುಕಲು. ಕಲ್ಕತ್ತೆಯ ಬೀದಿಗಳಲ್ಲಿ ಮಾರುತ್ತಿದ್ದ, ಹಲವು ಬಗೆಯ ಹುರಿದ ಕಾಳುಗಳನ್ನು ಬೆರೆಸಿದ ತಿಂಡಿಯಿಂದ ಈ ಹೆಸರು ಬಂದಿತು. ಪತ್ರಿಕೆಯ ಸಂಪಾದಕರು ಸುಕುಮಾರರೇ. ಮುಖಪುಟವನ್ನೂ ಒಳಗಿನ ನಗೆಚಿತ್ರಗಳನ್ನೂ ಬಿಡಿಸುತ್ತಿದ್ದವರೂ ಅವರೇ. ಸಂಪಾದಕೀಯ ಅಂಕಣಕ್ಕೆ 'ಪಂಚತಿಕ್ತ ಪಾಚನ' ಎಂದು ಹೆಸರಿಟ್ಟಿದ್ದರು. ಐದು ಕಹಿ ಮೂಲಿಕೆಗಳ ಕಷಾಯವೆಂದು ಇದರ ಅರ್ಥ. ಹೆಸರು ಕಹಿಯಾದರೂ ಯಾರ ಮನಸ್ಸೂ ನೋಯದಂತಹ ತಿಳಿಹಾಸ್ಯ ಅದರಲ್ಲಿರುತ್ತಿತ್ತೆಂದು ಪುಣ್ಯಲತಾ ಸ್ಮರಿಸಿದ್ದಾರೆ.

ಕೈಬರಹದ ಪತ್ರಿಕೆಯನ್ನು ಓದುವವರು ಕೆಲವೇ ಮಂದಿ. ಆದರೆ ಸುಕುಮಾರರಿಗೆ ಇದು ಸಂಪಾದನೆಯ ಮೊದಲ ಪಾಠಶಾಲೆಯಾಯಿತು. ಹೆಸರು, ಮುಖಪುಟ, ಚಿತ್ರ, ಬರಹ ಎಲ್ಲವೂ ಒಂದೇ ಹಾಸ್ಯಪ್ರಜ್ಞೆಯಿಂದ ಮೂಡಿಬರಬೇಕೆಂಬ ಅವರ ಪದ್ಧತಿ ಇಲ್ಲಿಯೇ ರೂಪುಗೊಂಡಿತು.

ಇಂಗ್ಲೆಂಡಿನಲ್ಲಿ ಅಧ್ಯಯನ

1911ರಲ್ಲಿ ಸುಕುಮಾರರು ಕಲ್ಕತ್ತಾ ವಿಶ್ವವಿದ್ಯಾಲಯದ ಗುರುಪ್ರಸನ್ನ ಘೋಷ್ ವಿದ್ಯಾರ್ಥಿವೇತನ ಪಡೆದು ಮುದ್ರಣ ತಂತ್ರಜ್ಞಾನದ ಉನ್ನತ ಅಧ್ಯಯನಕ್ಕಾಗಿ ಇಂಗ್ಲೆಂಡಿಗೆ ತೆರಳಿದರು. ಮೊದಲು ಲಂಡನ್ನಿನ ಫೋಟೋ ಎನ್‌ಗ್ರೇವಿಂಗ್ ಮತ್ತು ಲಿಥೋಗ್ರಫಿ ಶಾಲೆಯಲ್ಲಿ, ಅನಂತರ ಮ್ಯಾಂಚೆಸ್ಟರಿನ ತಾಂತ್ರಿಕ ಶಾಲೆಯಲ್ಲಿ ಅಭ್ಯಾಸ ಮಾಡಿದರು. ತಂದೆಯ ಹೆಸರು ಆ ವಲಯದಲ್ಲಿ ಈಗಾಗಲೇ ಪರಿಚಿತವಾಗಿತ್ತು. ತಂದೆಯಂತೆ ಮಗನೂ ಪೆನ್‌ರೋಸ್ ವಾರ್ಷಿಕಕ್ಕೆ ಹಾಫ್‌ಟೋನ್ ಕುರಿತು ಬರೆದರು. ಮುಂದೆ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಫೆಲೋ ಗೌರವವೂ ಇವರಿಗೆ ಸಂದಿತು.

1912ರಲ್ಲಿ ರವೀಂದ್ರನಾಥ ಠಾಕೂರರು ತಮ್ಮ ಕವಿತೆಗಳ ಇಂಗ್ಲಿಷ್ ಅನುವಾದಗಳೊಂದಿಗೆ ಲಂಡನ್ನಿಗೆ ಬಂದಾಗ ಸುಕುಮಾರರು ಅಲ್ಲಿಯೇ ಇದ್ದರು. ಠಾಕೂರರ ಕಾವ್ಯದ ಕುರಿತು ಅವರು 1913ರಲ್ಲಿ ಲಂಡನ್ನಿನಲ್ಲಿ ಒಂದು ಪ್ರಬಂಧವನ್ನು ಮಂಡಿಸಿದರು. ಠಾಕೂರರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾದದ್ದು ಆ ವರ್ಷದ ನವೆಂಬರಿನಲ್ಲಿ. ಪ್ರಬಂಧವು ಅದಕ್ಕೂ ಮೊದಲಿನದು ಎಂಬುದು ಗಮನಾರ್ಹ.

1913ರ ಸೆಪ್ಟೆಂಬರಿನಲ್ಲಿ ಸುಕುಮಾರರು ಸ್ವದೇಶಕ್ಕೆ ಮರಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರಭಾ ದಾಸ್ ಅವರೊಡನೆ ವಿವಾಹವಾಯಿತು.

'ಸಂದೇಶ್' ಪತ್ರಿಕೆ ಮತ್ತು ಗರ್ಪಾರ್ ರಸ್ತೆಯ ಮನೆ

ಸುಕುಮಾರರು ಇಂಗ್ಲೆಂಡಿನಲ್ಲಿದ್ದಾಗಲೇ, 1913ರಲ್ಲಿ, ಉಪೇಂದ್ರಕಿಶೋರರು 'ಸಂದೇಶ್' ಎಂಬ ಮಕ್ಕಳ ಮಾಸಪತ್ರಿಕೆಯನ್ನು ಆರಂಭಿಸಿದ್ದರು. ಬಂಗಾಳಿಯಲ್ಲಿ ಈ ಪದಕ್ಕೆ ಕನ್ನಡದಲ್ಲಿರುವಂತೆ ಸುದ್ದಿ, ಸಮಾಚಾರ ಎಂಬ ಅರ್ಥವಿದೆ. ಹಾಲಿನ ಛೇನಾದಿಂದ ಮಾಡುವ ಜನಪ್ರಿಯ ಸಿಹಿತಿಂಡಿಯ ಹೆಸರೂ ಇದೇ. ಓದಲು ವಿಷಯ, ಸವಿಯಲು ಸಿಹಿ ಎಂಬ ಎರಡು ಆಶಯಗಳನ್ನು ಒಂದೇ ಪದ ಸೂಚಿಸುತ್ತಿತ್ತು. ಮಕ್ಕಳ ಪತ್ರಿಕೆಯೊಂದಕ್ಕೆ ಬಣ್ಣದ ಚಿತ್ರಗಳನ್ನು ಅಷ್ಟು ಅಚ್ಚುಕಟ್ಟಾಗಿ ಮುದ್ರಿಸಿದ್ದು ಅಂದಿನ ಬಂಗಾಳದಲ್ಲಿ ಹೊಸ ಸಂಗತಿಯಾಗಿತ್ತು.

1914ರಲ್ಲಿ ಕುಟುಂಬವೂ ಮುದ್ರಣಾಲಯವೂ 100, ಗರ್ಪಾರ್ ರಸ್ತೆಯ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡವು. ಈ ಕಟ್ಟಡದ ಮುಂಭಾಗದಲ್ಲಿ ಮುದ್ರಣಾಲಯವಿತ್ತು. ಕೆಳಗೆ ಮುದ್ರಣ ಯಂತ್ರಗಳು, ಮೇಲೆ ಅಚ್ಚುಮೊಳೆ ಜೋಡಿಸುವ ಹಾಗೂ ಬ್ಲಾಕ್ ತಯಾರಿಸುವ ಕೋಣೆಗಳು. ಹಿಂಭಾಗದಲ್ಲಿ ಕುಟುಂಬದ ವಾಸ. ಹೀಗೆ ಬರೆಯುವ ಮೇಜಿಗೂ ಮುದ್ರಣ ಯಂತ್ರಕ್ಕೂ ನಡುವಿನ ದೂರ ಕೆಲವೇ ಹೆಜ್ಜೆಗಳಷ್ಟಾಗಿತ್ತು.

1915ರ ಡಿಸೆಂಬರ್ 20ರಂದು ಉಪೇಂದ್ರಕಿಶೋರರು ತೀರಿಕೊಂಡರು. ಸಂಸ್ಥೆಯ ಹೊಣೆಯೂ 'ಸಂದೇಶ್' ಸಂಪಾದಕತ್ವವೂ ಇಪ್ಪತ್ತೆಂಟು ವರ್ಷದ ಸುಕುಮಾರರ ಹೆಗಲೇರಿದವು. ತಮ್ಮ ಸುಬಿನಯ್ ಅವರಿಗೆ ನೆರವಾಗಿದ್ದರು. ಮುಂದಿನ ಸುಮಾರು ಎಂಟು ವರ್ಷಗಳ ಕಾಲ ಸುಕುಮಾರರು ಪತ್ರಿಕೆಗೆ ಕಥೆ, ಪದ್ಯ, ನಾಟಕ, ಒಗಟು, ಮಹನೀಯರ ಜೀವನಚಿತ್ರ, ವಿಜ್ಞಾನ ಲೇಖನ ಎಲ್ಲವನ್ನೂ ಬರೆದರು. ಮುಖಪುಟ ಮತ್ತು ಒಳಪುಟಗಳ ಚಿತ್ರಗಳನ್ನೂ ರಚಿಸಿದರು. ಜಲಾಂತರ್ಗಾಮಿ ಹಡಗಿನಂತಹ ಹೊಸ ಆವಿಷ್ಕಾರಗಳನ್ನು ಮಕ್ಕಳಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದರು. ಅವರ ಹೆಚ್ಚಿನ ಬರಹಗಳೆಲ್ಲ ಮೊದಲು ಬೆಳಕು ಕಂಡದ್ದು ಈ ಪತ್ರಿಕೆಯಲ್ಲಿಯೇ.

ಚಿತ್ರಶೈಲಿ ಮತ್ತು ಮುದ್ರಣ ತಂತ್ರ

ಆ ಕಾಲದ ಅಚ್ಚುಪಡಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕಪ್ಪು ಮಸಿಯ ಗೆರೆಗಳಿಂದ ಮಾತ್ರ ಕೂಡಿದ ಚಿತ್ರಕ್ಕೆ ಲೈನ್ ಬ್ಲಾಕ್ ಸಾಕಾಗುತ್ತಿತ್ತು. ಚಿತ್ರದ ಛಾಯೆಯನ್ನು ಸತುವಿನ ತಗಡಿನ ಮೇಲೆ ಮೂಡಿಸಿ, ಗೆರೆಗಳನ್ನುಳಿದ ಭಾಗವನ್ನು ಆಮ್ಲದಿಂದ ಕೊರೆದರೆ ಗೆರೆಗಳು ಉಬ್ಬಾಗಿ ನಿಲ್ಲುತ್ತಿದ್ದವು. ಈ ಬ್ಲಾಕನ್ನು ಅಚ್ಚುಮೊಳೆಗಳ ಜೊತೆಗೇ ಕೂಡಿಸಿ ಒಂದೇ ಸಲಕ್ಕೆ ಮುದ್ರಿಸಬಹುದಾಗಿತ್ತು. ಛಾಯಾಚಿತ್ರದಂತೆ ನಸುಗಪ್ಪು, ಬೂದು ಮುಂತಾದ ನಡುಛಾಯೆಗಳಿರುವ ಚಿತ್ರಕ್ಕೆ ಹಾಫ್‌ಟೋನ್ ಬೇಕಾಗುತ್ತಿತ್ತು. ಅಲ್ಲಿ ಸೂಕ್ಷ್ಮ ಗೆರೆಗಳ ಗಾಜಿನ ತೆರೆಯ ಮೂಲಕ ಚಿತ್ರವನ್ನು ಛಾಯಾಗ್ರಹಿಸಿ, ಛಾಯೆಯನ್ನು ಹಿರಿಕಿರಿ ಚುಕ್ಕೆಗಳಾಗಿ ಒಡೆಯಲಾಗುತ್ತಿತ್ತು.

ಬಣ್ಣದ ಮುಖಪುಟದ ಕೆಲಸ ಇನ್ನೂ ಕಠಿಣ. ಮೂಲಚಿತ್ರವನ್ನು ಬೇರೆ ಬೇರೆ ಬಣ್ಣದ ಶೋಧಕಗಳ ಮೂಲಕ ಮೂರು ಸಲ ಛಾಯಾಗ್ರಹಿಸಿ, ಹಳದಿ, ಕೆಂಪು ಮತ್ತು ನೀಲಿ ಮಸಿಗಳಿಗಾಗಿ ಮೂರು ಬ್ಲಾಕುಗಳನ್ನು ಮಾಡಬೇಕು. ಕಾಗದವು ಮೂರು ಸಲ ಯಂತ್ರದೊಳಗೆ ಹೋಗಬೇಕು. ಪ್ರತಿ ಸಲವೂ ಬಣ್ಣವು ಕೂದಲೆಳೆಯಷ್ಟೂ ಸರಿಯದೆ ಹಿಂದಿನ ಬಣ್ಣದ ಮೇಲೆ ಕೂರಬೇಕು. ಸ್ವಲ್ಪ ತಪ್ಪಿದರೂ ಮುಖದ ಗೆರೆಯಿಂದ ತುಟಿಯ ಕೆಂಪು ಹೊರಗೆ ಚಾಚಿಕೊಳ್ಳುತ್ತದೆ. ಖರ್ಚೂ ಹೆಚ್ಚು. ಆದಕಾರಣ ಬಣ್ಣವನ್ನು ಮುಖಪುಟಕ್ಕೂ ಕೆಲವೇ ವಿಶೇಷ ಪುಟಗಳಿಗೂ ಮೀಸಲಿಡುವುದು ಅಂದಿನ ಪತ್ರಿಕೆಗಳ ವಾಡಿಕೆಯಾಗಿತ್ತು.

ಈ ತಂತ್ರಗಳ ಇತಿಮಿತಿಗಳನ್ನು ಬಲ್ಲ ಚಿತ್ರಕಾರನಾದುದರಿಂದ ಸುಕುಮಾರರ ಲೇಖನಿಯ ಚಿತ್ರಗಳು ಅಚ್ಚಿಗೆ ಹೇಳಿಮಾಡಿಸಿದಂತಿವೆ. ಗೆರೆ ಸ್ಪಷ್ಟ, ಅನಾವಶ್ಯಕ ಅಲಂಕಾರ ಕಡಿಮೆ, ಭಾವವೆಲ್ಲ ಮುಖಚರ್ಯೆಯಲ್ಲಿ ಮತ್ತು ನಿಲುವಿನಲ್ಲಿ. ಅಂಗರಚನೆಯಲ್ಲಿ ಅಲ್ಲಲ್ಲಿ ದೋಷ ಕಂಡರೂ ಅಸಂಭವವಾದುದನ್ನು ಕಣ್ಣಾರೆ ಕಂಡಂತೆ ನಂಬಿಸುವ ಶಕ್ತಿ ಅವುಗಳಿಗಿದೆ.

ಇದಕ್ಕೆ ಉತ್ತಮ ಉದಾಹರಣೆ 1915ರ ಆರಂಭದಲ್ಲಿ 'ಸಂದೇಶ್'ನಲ್ಲಿ ಪ್ರಕಟವಾದ 'ಖಿಚುಡಿ' ಎಂಬ ಪದ್ಯ. ಖಿಚಡಿಯಲ್ಲಿ ಅಕ್ಕಿ ಬೇಳೆ ಬೆರೆಯುವಂತೆ ಇಲ್ಲಿ ಎರಡೆರಡು ಪ್ರಾಣಿಗಳ ಹೆಸರುಗಳು ಸಂಧಿಯಾಗಿ ಬೆರೆಯುತ್ತವೆ. ಬಕ ಮತ್ತು ಕಚ್ಛಪ ಸೇರಿ 'ಬಕಚ್ಛಪ'ವಾಗುತ್ತದೆ, ಅಂದರೆ ಕೊಕ್ಕರೆಯಾಮೆ. ಬಾತುಕೋಳಿ ಎಂಬ ಅರ್ಥದ 'ಹಾಂಸ್' ಪದಕ್ಕೆ ಮುಳ್ಳುಹಂದಿ ಎಂಬ ಅರ್ಥದ 'ಶಜಾರು' ಸೇರಿ 'ಹಾಂಸ್‌ಜಾರು' ಹುಟ್ಟುತ್ತದೆ. ಆನೆ ಮತ್ತು ತಿಮಿಂಗಿಲ ಸೇರಿ 'ಹಾತಿಮಿ' ಆಗುತ್ತದೆ. ವ್ಯಾಕರಣದ ಆಟವನ್ನು ಚಿತ್ರವು ದೇಹವಾಗಿಸುತ್ತದೆ. ಪದಗಳು ಬೆಸೆದ ಕಡೆಯಲ್ಲಿಯೇ ಪ್ರಾಣಿಗಳ ಮೈಗಳೂ ಬೆಸೆದಿರುತ್ತವೆ. ಚಿತ್ರವನ್ನು ತೆಗೆದುಬಿಟ್ಟರೆ ಪದ್ಯದ ಅರ್ಧ ಸೊಗಸು ಹೋಗುತ್ತದೆ.

'ಹ-ಜ-ಬ-ರ-ಲ' ಕಥೆಯ ಹೆಸರೂ ಇಂತಹದೇ. ಸಂಸ್ಕೃತ ವ್ಯಾಕರಣದ ಮಾಹೇಶ್ವರ ಸೂತ್ರಗಳಲ್ಲಿ ಬರುವ ಹ, ಯ, ವ, ರ, ಲ ಅಕ್ಷರಗಳು ಬಂಗಾಳಿ ಉಚ್ಚಾರದಲ್ಲಿ ಹೀಗಾಗುತ್ತವೆ. ಆಡುಮಾತಿನಲ್ಲಿ ಇದಕ್ಕೆ ಕಲಸುಮೇಲೋಗರ ಎಂಬ ಅರ್ಥ. ಕರವಸ್ತ್ರವೊಂದು ಬೆಕ್ಕಾಗಿ ಬದಲಾಗುವುದರಿಂದ ಆರಂಭವಾಗುವ ಈ ಕನಸಿನ ಕಥೆಯಲ್ಲಿ ಲೆಕ್ಕ ಹಾಕುವ ಕಾಗೆಯೂ, ಅರ್ಥವಿಲ್ಲದ ವಿಚಾರಣೆ ನಡೆಸುವ ನ್ಯಾಯಾಲಯವೂ ಬರುತ್ತವೆ. ಇದು 1922ರಲ್ಲಿ 'ಸಂದೇಶ್'ನಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು.

ಮಂಡೇ ಕ್ಲಬ್

ಇಂಗ್ಲೆಂಡಿನಿಂದ ಮರಳಿದ ಮೇಲೆ ಸುಕುಮಾರರು 'ಮಂಡೇ ಕ್ಲಬ್' ಎಂಬ ಇನ್ನೊಂದು ಕೂಟವನ್ನು ಕಟ್ಟಿದರು. ಸೋಮವಾರದ ಈ ಕೂಟದಲ್ಲಿ ಸಾಹಿತ್ಯ, ವಿಜ್ಞಾನ, ತತ್ತ್ವ ಎಲ್ಲವೂ ಚರ್ಚೆಗೆ ಬರುತ್ತಿದ್ದವು, ಜೊತೆಗೆ ಉಪಾಹಾರವೂ ಇರುತ್ತಿತ್ತು. ಬಂಗಾಳಿಯಲ್ಲಿ 'ಮಂಡಾ' ಒಂದು ಸಿಹಿತಿಂಡಿಯ ಹೆಸರಾದುದರಿಂದ ಇದಕ್ಕೆ 'ಮಂಡಾ ಸಮ್ಮಿಲನ' ಎಂಬ ಅಡ್ಡಹೆಸರೂ ಬಿದ್ದಿತ್ತು. ಭಾಷಾವಿಜ್ಞಾನಿ ಸುನೀತಿ ಕುಮಾರ್ ಚಟರ್ಜಿ, ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸ್, ಕವಿ ಸತ್ಯೇಂದ್ರನಾಥ ದತ್ತ ಮೊದಲಾದವರು ಇದರ ಸದಸ್ಯರಾಗಿದ್ದರು.

ಸಭೆಯ ಆಹ್ವಾನ ಪತ್ರಿಕೆಗಳನ್ನು ಸುಕುಮಾರರು ಹಾಸ್ಯದ ಶೈಲಿಯಲ್ಲಿ, ಅನೇಕ ಸಲ ಪದ್ಯರೂಪದಲ್ಲಿ ಬರೆದು ಅಚ್ಚು ಹಾಕಿಸುತ್ತಿದ್ದರು. ಸ್ನೇಹಿತರ ಕೈಸೇರಿ ಮರುದಿನ ಮರೆತುಹೋಗಬಹುದಾಗಿದ್ದ ಚೀಟಿಗಳಿಗೂ ಪುಸ್ತಕಕ್ಕೆ ಸಲ್ಲುವಷ್ಟೇ ಶ್ರದ್ಧೆ ಸಂದಿತು. ಇಂದು ಅವು ಸುಕುಮಾರರ ಸಾಹಿತ್ಯದ ಭಾಗವೆಂದೇ ಪರಿಗಣಿತವಾಗಿವೆ.

ಅನಾರೋಗ್ಯ ಮತ್ತು 'ಆಬೋಲ್ ತಾಬೋಲ್'

1921ರ ಮೇ 2ರಂದು ಮಗ ಸತ್ಯಜಿತ್ ಜನಿಸಿದರು. ಅದೇ ವರ್ಷ ಸುಕುಮಾರರಿಗೆ ಕಾಲಾಜಾರ ಎಂಬ ಮಾರಕ ಜ್ವರ ತಗುಲಿತು. ಮರಳುನೊಣದ ಕಡಿತದಿಂದ ಹರಡುವ ಈ ರೋಗದಲ್ಲಿ ಗುಲ್ಮ ಊದಿಕೊಂಡು, ರಕ್ತ ಕುಗ್ಗಿ, ರೋಗಿ ತಿಂಗಳುಗಟ್ಟಲೆ ಸೊರಗುತ್ತಾನೆ. ಇದಕ್ಕೆ ಯೂರಿಯಾ ಸ್ಟಿಬಮೈನ್ ಎಂಬ ಔಷಧವನ್ನು ಉಪೇಂದ್ರನಾಥ ಬ್ರಹ್ಮಚಾರಿಯವರು 1920ರ ದಶಕದ ಆರಂಭದಲ್ಲಿ ಕಲ್ಕತ್ತೆಯಲ್ಲಿಯೇ ಸಿದ್ಧಪಡಿಸಿದರು. ಆದರೆ ಅದು ವ್ಯಾಪಕವಾಗಿ ಬಳಕೆಗೆ ಬಂದದ್ದು ಸುಕುಮಾರರ ಕಾಲಾನಂತರ.

ಸುಮಾರು ಎರಡೂವರೆ ವರ್ಷಗಳ ಈ ಕಾಯಿಲೆಯ ಅವಧಿಯಲ್ಲಿ ಅವರು ಕೆಲಸವನ್ನು ನಿಲ್ಲಿಸಲಿಲ್ಲ. 'ಹ-ಜ-ಬ-ರ-ಲ' ಮತ್ತು ಸಾಹಸಕಥೆಗಳ ಅಣಕವಾದ 'ಹೇಶೋರಾಮ್ ಹುಶಿಯಾರೇರ್ ಡೈರಿ' ಈ ಅವಧಿಯವು. ವಾಯುಪರಿವರ್ತನೆಗಾಗಿ ಗಂಗಾತೀರದ ಸೋದಪುರದಲ್ಲಿದ್ದಾಗಲೂ ಅವರು ಚಿತ್ರ ಬಿಡಿಸುತ್ತಿದ್ದರು. ತಂದೆ ಕಿಟಕಿಯ ಬಳಿ ಕುಳಿತು ಚಿತ್ರ ಬರೆಯುತ್ತ, ನದಿಯಲ್ಲಿ ಹಡಗು ಹೋಗುತ್ತಿದೆಯೆಂದು ತಮಗೆ ತೋರಿಸಿದ್ದನ್ನು ಸತ್ಯಜಿತ್ ಮುಂದೆ ದಾಖಲಿಸಿದ್ದಾರೆ. ತಂದೆಯ ಬಗ್ಗೆ ಅವರಿಗೆ ಉಳಿದ ನೇರ ನೆನಪು ಬಹುಮಟ್ಟಿಗೆ ಇದಿಷ್ಟೇ.

'ಸಂದೇಶ್'ನಲ್ಲಿ ಎಂಟು ಒಂಬತ್ತು ವರ್ಷಗಳಿಂದ ಪ್ರಕಟವಾಗುತ್ತ ಬಂದಿದ್ದ ಅಸಂಬದ್ಧ ಪದ್ಯಗಳನ್ನು ಸೇರಿಸಿ ಪುಸ್ತಕವಾಗಿಸುವ ಕೆಲಸವನ್ನು ಸುಕುಮಾರರು ಹಾಸಿಗೆಯಲ್ಲಿದ್ದುಕೊಂಡೇ ಕೈಗೊಂಡರು. ಪುಸ್ತಕದ ಹೆಸರು 'ಆಬೋಲ್ ತಾಬೋಲ್'. ತಲೆಬುಡವಿಲ್ಲದ ಬಡಬಡಿಕೆ ಎಂದು ಇದರ ಅರ್ಥ. ಮೂರು ಬಣ್ಣಗಳ ಮುಖಪುಟವನ್ನು ಅವರೇ ರಚಿಸಿದರು. ಯಾವ ಪದ್ಯ ಯಾವ ಪುಟಕ್ಕೆ, ಚಿತ್ರ ಎಲ್ಲಿಗೆ ಎಂಬುದನ್ನು ನಿರ್ಧರಿಸಿ ಇಡೀ ಪುಸ್ತಕದ ಮಾದರಿ ಪ್ರತಿಯನ್ನು ಸಿದ್ಧಪಡಿಸಿದರು. ಪದ್ಯ ಮುಗಿದು ಪುಟದಲ್ಲಿ ಜಾಗ ಉಳಿದ ಕಡೆಗಳಲ್ಲಿ ತುಂಬಲು ಎರಡು ನಾಲ್ಕು ಸಾಲುಗಳ ಕಿರುಪದ್ಯಗಳನ್ನು ಹೊಸದಾಗಿ ಬರೆದರು, ಪುಟದ ಕೊನೆಗೆ ಬರುವ ಸಣ್ಣ ಚಿತ್ರಗಳನ್ನೂ ಬಿಡಿಸಿದರು. ಸಂಕಲನದಲ್ಲಿ ಶೀರ್ಷಿಕೆಯಿರುವ 46 ಪದ್ಯಗಳೂ ಶೀರ್ಷಿಕೆಯಿಲ್ಲದ 7 ಕಿರುಪದ್ಯಗಳೂ ಇವೆ.

ಪುಸ್ತಕಕ್ಕೆ ಕೊನೆಯ ಪದ್ಯವಾಗಿ ಸೇರಿಸಿದ್ದಕ್ಕೂ 'ಆಬೋಲ್ ತಾಬೋಲ್' ಎಂದೇ ಹೆಸರು. ಹಾಸ್ಯದ ಲಯವನ್ನು ಬಿಡದೆಯೇ ಹಾಡು ಮುಗಿಯುತ್ತಿರುವ, ನಿದ್ದೆ ಆವರಿಸುತ್ತಿರುವ ಭಾವವನ್ನು ಮೂಡಿಸುವ ಈ ಪದ್ಯವನ್ನು ಓದುಗರು ಕವಿಯ ವಿದಾಯವೆಂದೇ ಸ್ವೀಕರಿಸಿದ್ದಾರೆ.

1923ರ ಆಗಸ್ಟ್ ಕೊನೆಯಲ್ಲಿ ರವೀಂದ್ರನಾಥರು ಸುಕುಮಾರರನ್ನು ನೋಡಲು ಬಂದು, ಅವರ ಕೋರಿಕೆಯಂತೆ ಹಾಸಿಗೆಯ ಪಕ್ಕದಲ್ಲಿ ಹಾಡುಗಳನ್ನು ಹಾಡಿದರು. ಸೆಪ್ಟೆಂಬರ್ 10ರಂದು ಗರ್ಪಾರ್ ರಸ್ತೆಯ ಮನೆಯಲ್ಲಿ ಸುಕುಮಾರರು ಕೊನೆಯುಸಿರೆಳೆದರು. ಆಗ ಅವರಿಗೆ 35 ವರ್ಷ, ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. 'ಆಬೋಲ್ ತಾಬೋಲ್' ಯು. ರಾಯ್ ಅಂಡ್ ಸನ್ಸ್‌ನಿಂದ ಪ್ರಕಟವಾದದ್ದು ಸೆಪ್ಟೆಂಬರ್ 19ರಂದು, ಅಂದರೆ ಒಂಬತ್ತು ದಿನಗಳ ಬಳಿಕ. ತಮ್ಮ ಕೈಯಾರೆ ರೂಪಿಸಿದ ಮುಖಪುಟವು ಹೊದಿಕೆಯಾಗಿ ಹೊರಬಂದ ಪುಸ್ತಕವನ್ನು ಸುಕುಮಾರರು ನೋಡಲಿಲ್ಲ.

ನಿಧನಾನಂತರ

ಮರುವರ್ಷ, 1924ರಲ್ಲಿ, 'ಹ-ಜ-ಬ-ರ-ಲ' ಪುಸ್ತಕರೂಪದಲ್ಲಿ ಬಂದಿತು. ಸುಬಿನಯ್ ರಾಯ್ 'ಸಂದೇಶ್' ಪತ್ರಿಕೆಯನ್ನು ಕೆಲಕಾಲ ನಡೆಸಿದರು. ಆದರೆ ಸಂಸ್ಥೆ ಆರ್ಥಿಕವಾಗಿ ಕುಸಿಯಿತು. 1920ರ ದಶಕ ಮುಗಿಯುವ ಮೊದಲೇ ಮುದ್ರಣಾಲಯವೂ ಮನೆಯೂ ಕುಟುಂಬದ ಕೈತಪ್ಪಿದವು. ಸುಪ್ರಭಾ ಅವರು ಬಾಲಕ ಸತ್ಯಜಿತ್‌ನೊಡನೆ ಭವಾನಿಪುರದಲ್ಲಿದ್ದ ತಮ್ಮ ಸಹೋದರನ ಮನೆ ಸೇರಿ, ಹೊಲಿಗೆ ಮತ್ತು ಕರಕುಶಲ ಕಲೆಗಳನ್ನು ಕಲಿಸಿ ಜೀವನ ಸಾಗಿಸಿದರು. ಗರ್ಪಾರ್ ರಸ್ತೆಯ ಕಟ್ಟಡದಲ್ಲಿ ಮುಂದೆ ಅಥೀನಿಯಂ ಇನ್‌ಸ್ಟಿಟ್ಯೂಷನ್ ಎಂಬ ಶಾಲೆ ನಡೆಯಿತು.

ಸುಕುಮಾರರು 'ಸಂದೇಶ್'ಗಾಗಿ ಬರೆದ ಶಾಲಾಬಾಲಕರ ಕಥೆಗಳು 'ಪಾಗ್ಲಾ ದಾಶು' ಎಂಬ ಹೆಸರಿನಲ್ಲಿ 1940ರಲ್ಲಿ ಸಂಕಲನವಾಗಿ ಬಂದವು. ಅದಕ್ಕೆ ರವೀಂದ್ರನಾಥರು ಮುನ್ನುಡಿ ಬರೆದರು. 'ಖಾಇ ಖಾಇ' ಪದ್ಯಸಂಕಲನ 1950ರಲ್ಲಿ ಪ್ರಕಟವಾಯಿತು. ತಮ್ಮ ಜೀವಿತಕಾಲದಲ್ಲಿ ಪುಸ್ತಕಗಳಿಗಿಂತ ಪತ್ರಿಕೆಯ ಪುಟಗಳಲ್ಲಿಯೇ ಹೆಚ್ಚು ಬದುಕಿದ ಲೇಖಕರು ಹೀಗೆ ನಿಧಾನವಾಗಿ ಪುಸ್ತಕದ ಕಪಾಟಿಗೆ ಬಂದರು.

ಸತ್ಯಜಿತ್ ರಾಯ್ ಮತ್ತು ಮುಖಪುಟದ ಪರಂಪರೆ

ಸತ್ಯಜಿತ್ ತಂದೆಯಿಂದ ನೇರವಾಗಿ ಏನನ್ನೂ ಕಲಿಯುವ ಅವಕಾಶವಿರಲಿಲ್ಲ. ಆದರೆ ಬಾಲ್ಯದ ಮೊದಲ ವರ್ಷಗಳನ್ನು ಅವರು ಮುದ್ರಣಾಲಯದ ಮನೆಯಲ್ಲಿ ಕಳೆದರು. ಮಗುವಾಗಿದ್ದಾಗ ಕಾಗದದ ಮೇಲೆ ಏನನ್ನೋ ಗೀಚಿ 'ಸಂದೇಶ್'ನಲ್ಲಿ ಹಾಕಿರೆಂದು ಕ್ಯಾಮೆರಾ ಕೆಲಸಗಾರನಿಗೆ ಕೊಡುತ್ತಿದ್ದುದನ್ನೂ, ಆತ ತಮ್ಮನ್ನು ಎತ್ತಿಹಿಡಿದು ದೊಡ್ಡ ಕ್ಯಾಮೆರಾದ ಗಾಜಿನಲ್ಲಿ ಆ ಚಿತ್ರ ತಲೆಕೆಳಗಾಗಿ ಕಾಣುವುದನ್ನು ತೋರಿಸುತ್ತಿದ್ದುದನ್ನೂ ಅವರು ಆತ್ಮಕಥನದಲ್ಲಿ ಬರೆದಿದ್ದಾರೆ.

1943ರಲ್ಲಿ ಜಾಹೀರಾತು ಸಂಸ್ಥೆಯಲ್ಲಿ ಚಿತ್ರಕಾರರಾಗಿ ಕೆಲಸಕ್ಕೆ ಸೇರಿದ ಸತ್ಯಜಿತ್, ಸಿಗ್ನೆಟ್ ಪ್ರೆಸ್ ಪ್ರಕಾಶನಕ್ಕಾಗಿ ಅನೇಕ ಮುಖಪುಟಗಳನ್ನು ರಚಿಸಿ ಬಂಗಾಳಿ ಪುಸ್ತಕವಿನ್ಯಾಸದ ದಿಕ್ಕನ್ನೇ ಬದಲಿಸಿದರು. 1961ರಲ್ಲಿ ಕವಿ ಸುಭಾಷ್ ಮುಖೋಪಾಧ್ಯಾಯರೊಡನೆ 'ಸಂದೇಶ್' ಪತ್ರಿಕೆಯನ್ನು ಪುನರಾರಂಭಿಸಿ, ಅದರ ಮುಖಪುಟಗಳನ್ನೂ ತಾವೇ ಬಿಡಿಸಿದರು. ಸುಕುಮಾರರ ಕೆಲವು ಪದ್ಯಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. ತಂದೆಯ ಜನ್ಮಶತಮಾನೋತ್ಸವದ ಸಂದರ್ಭದಲ್ಲಿ, 1987ರಲ್ಲಿ, 'ಸುಕುಮಾರ್ ರಾಯ್' ಎಂಬ ಸಾಕ್ಷ್ಯಚಿತ್ರವನ್ನು ನಿರ್ದೇಶಿಸಿದರು. ಮರಗೆತ್ತನೆಯಲ್ಲಿ ಕೆಟ್ಟ ಚಿತ್ರಗಳಿಂದಾಗಿ ಅಜ್ಜ ಆರಂಭಿಸಿದ ಕೆಲಸ ಹೀಗೆ ಮೂರು ತಲೆಮಾರುಗಳ ಕಾಲ ಮುಂದುವರಿಯಿತು.

ಮಹತ್ವ

ಸುಕುಮಾರರನ್ನು ಇಂಗ್ಲಿಷಿನ ಎಡ್ವರ್ಡ್ ಲಿಯರ್ ಮತ್ತು ಲೂಯಿಸ್ ಕ್ಯಾರಲ್ ಅವರೊಡನೆ ಹೋಲಿಸುವುದು ವಾಡಿಕೆ. ಆ ಲೇಖಕರ ಪರಿಚಯ ಅವರಿಗಿತ್ತಾದರೂ ಅವರ ಹಾಸ್ಯದ ಬೇರು ಬಂಗಾಳದ ನೆಲದಲ್ಲಿದೆ. ಗುಮಾಸ್ತರು, ಪಂಡಿತರು, ಠಾಣೆ, ಕಚೇರಿ, ಮದುವೆಯ ಮಾತುಕತೆ ಇವೇ ಅವರ ವಿಚಿತ್ರ ಲೋಕದ ಸಾಮಗ್ರಿ. ಅರ್ಥವಿಲ್ಲದ ಕಟ್ಟಳೆಗಳನ್ನು ಹಾಸ್ಯಮಾಡುವ ಪದ್ಯಗಳಲ್ಲಿ ವಸಾಹತುಶಾಹಿ ಆಡಳಿತದ ವಿಡಂಬನೆಯನ್ನು ಕಂಡ ವಿಮರ್ಶಕರೂ ಇದ್ದಾರೆ.

ಪುಸ್ತಕವಿನ್ಯಾಸದ ದೃಷ್ಟಿಯಿಂದ ಅವರ ಕೊಡುಗೆ ಬೇರೆ ಬಗೆಯದು. ಮುಖಪುಟವೆಂದರೆ ಬರಹ ಮುಗಿದ ಮೇಲೆ ಹೊರಗಿನವರಿಂದ ಹೊದಿಸುವ ಅಲಂಕಾರವಲ್ಲ, ಬರಹದ ಜೊತೆಯಲ್ಲಿಯೇ ಹುಟ್ಟಬೇಕಾದ ಅಂಗ ಎಂಬುದನ್ನು ಅವರ ಕೆಲಸ ತೋರಿಸುತ್ತದೆ. ಕೆಲವೇ ಸ್ನೇಹಿತರು ಓದುವ ಕೈಬರಹದ ಪತ್ರಿಕೆ, ಒಂದು ಸಂಜೆಯ ಸಭೆಯ ಚೀಟಿ, ಸಾವಿರಾರು ಮಕ್ಕಳು ಕಾಯುವ ಮಾಸಪತ್ರಿಕೆ, ತಾವು ನೋಡಲಾರದೆ ಹೋದ ಪುಸ್ತಕ – ಇವೆಲ್ಲಕ್ಕೂ ಅವರು ಒಂದೇ ಶ್ರದ್ಧೆಯಿಂದ ದುಡಿದರು. 'ಆಬೋಲ್ ತಾಬೋಲ್' ಪ್ರಕಟವಾಗಿ ನೂರು ವರ್ಷ ಕಳೆದರೂ ಬಂಗಾಳಿ ಮಕ್ಕಳ ಮೊದಲ ಪುಸ್ತಕಗಳಲ್ಲಿ ಅದು ಇಂದಿಗೂ ಸೇರಿದೆ, ಸುಕುಮಾರರ ಚಿತ್ರಗಳೊಡನೆಯೇ ಅದು ಮರುಮುದ್ರಣಗೊಳ್ಳುತ್ತಿದೆ.

ಪ್ರಮುಖ ಕೃತಿಗಳು

ಆಬೋಲ್ ತಾಬೋಲ್ – ಪದ್ಯಸಂಕಲನ, 1923
ಹ-ಜ-ಬ-ರ-ಲ – ಕಥೆ, ಪುಸ್ತಕರೂಪದಲ್ಲಿ 1924
ಪಾಗ್ಲಾ ದಾಶು – ಕಥಾಸಂಕಲನ, 1940
ಖಾಇ ಖಾಇ – ಪದ್ಯಸಂಕಲನ, 1950
ಹೇಶೋರಾಮ್ ಹುಶಿಯಾರೇರ್ ಡೈರಿ – ವಿಡಂಬನ ಕಥೆ
ಝಾಲಾಪಾಲಾ – ನಾಟಕ
ಲಕ್ಷ್ಮಣೇರ್ ಶಕ್ತಿಶೇಲ್ – ನಾಟಕ